ನಮ್ಮ ಮುಖ, ನಮ್ಮ ಬಣ್ಣ



ಇವತ್ತು ನಾವು ಮುಖದ ಬಗ್ಗೆ ಓದೋಣ. ದಿನಾ ಕನ್ನಡಿಯಲ್ಲಿ ನೋಡುವ ನಮ್ಮದೇ ಮುಖ.

ಕಡೂರಿನ ಬಯಲಲ್ಲಿ ರಾಗಿ ಹೊಲ, ತೆಂಗಿನ ತೋಟ. ತರೀಕೆರೆಯಲ್ಲಿ ಅಡಿಕೆ ತೋಟ. ಅಜ್ಜಂಪುರದಲ್ಲಿ ಈರುಳ್ಳಿ ಹೊಲ. ಕಳೆ ಕೀಳುವವರು ನಾವು. ಅಡಿಕೆ ಸುಲಿಯುವವರು ನಾವು. ಒಲೆ ಊದುವವರೂ ನಾವೇ. ಬಿಸಿಲು, ಧೂಳು, ಬೆವರು, ಹೊಗೆ ಎಲ್ಲವೂ ಮೊದಲು ತಾಗುವುದು ಚರ್ಮಕ್ಕೆ. ಆದರೂ ಚರ್ಮದ ಬಗ್ಗೆ ನಾವು ಕೇಳುವ ಪ್ರಶ್ನೆ ಒಂದೇ. "ಬೆಳ್ಳಗಾಗೋದು ಹೆಂಗೆ?"

ಈ ಪ್ರಶ್ನೆ ಸರಿಯೇ? ನೋಡೋಣ.

ಬಣ್ಣ ಎಲ್ಲಿಂದ ಬಂತು?

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇದೆ. ಅದು ಹೆಚ್ಚಿದ್ದರೆ ಮೈ ಕಪ್ಪು. ಕಡಿಮೆ ಇದ್ದರೆ ಮೈ ಬಿಳುಪು. ಎಷ್ಟಿರಬೇಕು ಎಂಬುದು ತಂದೆ ತಾಯಿಯಿಂದ ಬರುತ್ತದೆ. ಬಸುರಿಯಲ್ಲಿ ಕೇಸರಿ ಹಾಲು ಕುಡಿದರೆ ಮಗುವಿನ ಬಣ್ಣ ಬದಲಾಗುವುದಿಲ್ಲ.

ಮೆಲನಿನ್ ನಮಗೆ ಕೊಡೆ ಇದ್ದ ಹಾಗೆ. ಬಿಸಿಲಿನ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದೆ. ಬಿಸಿಲಿಗೆ ಹೋದಾಗ ಮೈ ಇನ್ನಷ್ಟು ಕಪ್ಪಾಗುತ್ತದೆ. ಚರ್ಮ ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ ಅದು. ಕಪ್ಪು ಬಣ್ಣ ರೋಗವಲ್ಲ. ರೋಗವಲ್ಲದ್ದಕ್ಕೆ ಔಷಧಿ ಯಾಕೆ?

ಎರೆ ಹೊಲ ಕಪ್ಪಗಿರುತ್ತದೆ. ಅದನ್ನು ಯಾರಾದರೂ ಬೇಡ ಅಂತಾರಾ?

ಕ್ರೀಮಿನ ಕಥೆ

1975ರಲ್ಲಿ ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ಮಾರಾಟಕ್ಕೆ ಬಂತು. ಫೇರ್ ಎಂದರೆ ಬಿಳುಪು. ಲವ್ಲಿ ಎಂದರೆ ಚೆಂದ. ಬಿಳುಪಿದ್ದರೆ ಚೆಂದ ಎಂದು ಹೆಸರೇ ಹೇಳುತ್ತಿತ್ತು. ಆಮೇಲೆ ಇಂಥ ಕ್ರೀಮುಗಳು ಎಷ್ಟೋ ಬಂದವು. ಟಿ.ವಿ.ಯಲ್ಲಿ ಕಪ್ಪು ಹುಡುಗಿ ಅಳುತ್ತಿದ್ದಳು. ಕ್ರೀಮು ಹಚ್ಚಿದ ಮೇಲೆ ನಗುತ್ತಿದ್ದಳು.

ಜನ ಇದನ್ನು ಪ್ರಶ್ನಿಸಿದರು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಒಂದು ಸೂಚನೆ ಕೊಟ್ಟಿತು. ಕಪ್ಪು ಬಣ್ಣದವರನ್ನು ದುಃಖಿಗಳ ಹಾಗೆ, ಸೋತವರ ಹಾಗೆ ತೋರಿಸಬಾರದು ಎಂದಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ ಫೇರ್ ಎಂಬ ಪದ ಹೋಯಿತು. ಗ್ಲೋ ಅಂಡ್ ಲವ್ಲಿ ಎಂದಾಯಿತು.

ಹೆಸರು ಬದಲಾಯಿತು. ನಮ್ಮ ಮನಸ್ಸು ಬದಲಾಯಿತೇ?

ಕ್ರೀಮು ಕಿಡ್ನಿಗೂ ಇಳಿಯುತ್ತದೆ

ನಮ್ಮ ಪಕ್ಕದ ರಾಜ್ಯ ಕೇರಳ. ಅಲ್ಲಿ ಕೊಟ್ಟಕ್ಕಲ್ ಎಂಬ ಊರಿದೆ. ಅಲ್ಲಿನ ಒಂದು ಆಸ್ಪತ್ರೆಗೆ 2021ರಿಂದ 2023ರ ನಡುವೆ ಒಂದೇ ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳು ಬಂದರು. ಅವರ ಕೈಕಾಲು ಊದಿತ್ತು. ಮೂತ್ರದಲ್ಲಿ ನೊರೆ ಬರುತ್ತಿತ್ತು. ವೈದ್ಯರು ಕೆದಕಿ ಕೇಳಿದರು. ಅವರಲ್ಲಿ 15 ಜನರಿಗೆ ಅಪರೂಪದ ಒಂದು ಗುರುತು ಪರೀಕ್ಷೆಯಲ್ಲಿ ಸಿಕ್ಕಿತು. ಆ 15 ಜನರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು.

ಕಾರಣ ಏನು? ಪಾದರಸ. ಪಾದರಸ ಮೆಲನಿನ್ ಆಗದಂತೆ ತಡೆಯುತ್ತದೆ. ಅದಕ್ಕೇ ಮುಖ ಬೇಗ ಬೆಳ್ಳಗೆ ಕಾಣುತ್ತದೆ. ಆದರೆ ಅದು ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಹೋಗುತ್ತದೆ. ಕ್ರೀಮು ನಿಲ್ಲಿಸಿದ ಮೇಲೆ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು.

ಮುಖದ ಕ್ರೀಮಿಗೆ ಪಾದರಸ ಬೆರೆಸಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವಿಲ್ಲ. ಆದರೂ ಹೆಸರಿಲ್ಲದ, ವಿಳಾಸವಿಲ್ಲದ ಡಬ್ಬಿಗಳು ಕದ್ದು ಮಾರಾಟವಾಗುತ್ತವೆ.

ಇನ್ನೊಂದು ಅಪಾಯ ಸ್ಟೀರಾಯ್ಡ್ ಮುಲಾಮು. ಇದು ಚರ್ಮರೋಗದ ಔಷಧಿ. ಬೆಟಮೆಥಾಸೋನ್, ಕ್ಲೊಬೆಟಸಾಲ್ ಎಂಬ ಹೆಸರು ಟ್ಯೂಬಿನ ಮೇಲೆ ಇರುತ್ತದೆ. ಬೆಳ್ಳಗಾಗಲು ಇದನ್ನು ಹಚ್ಚುವವರಿದ್ದಾರೆ. ಮೊದಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತದೆ. ಬಿಸಿಲಿಗೆ ಉರಿಯುತ್ತದೆ. ಮೊಡವೆ ಏಳುತ್ತದೆ. ಹೆಂಗಸರ ಮುಖದ ಮೇಲೆ ಕೂದಲು ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು.

ಈಗಾಗಲೇ ಹಚ್ಚುತ್ತಿದ್ದರೆ ಹೆದರಬೇಡಿ. ಟ್ಯೂಬನ್ನು ಕೈಯಲ್ಲೇ ಹಿಡಿದು ವೈದ್ಯರ ಹತ್ತಿರ ಹೋಗಿ. ಹೇಗೆ ಬಿಡಬೇಕು ಎಂದು ಅವರು ಹೇಳುತ್ತಾರೆ.

ಡಬ್ಬಿ ಓದೋಣ

ಈಗ ನಮಗೆ ಓದು ಬರುತ್ತದೆ. ಅಂಗಡಿಯಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ದುಡ್ಡು ಕೊಡುವ ಮೊದಲು ಡಬ್ಬಿ ತಿರುಗಿಸಿ ನೋಡೋಣ.

1. ತಯಾರಿಸಿದವರ ಹೆಸರು, ವಿಳಾಸ ಇದೆಯೇ?
2. ಎಷ್ಟು ದಿನದ ಒಳಗೆ ಬಳಸಬೇಕು? ತಿಂಗಳು, ವರ್ಷದ ಅಂಕಿ ನೋಡಿ.
3. ಬೆಲೆ ಎಷ್ಟು?
4. ಕೆಂಪು ಗೆರೆ ಇದೆಯೇ? ಇದ್ದರೆ ಅದು ಔಷಧಿ. ವೈದ್ಯರ ಚೀಟಿ ಬೇಕು.

ಅಕ್ಷರ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಹೆಸರು, ವಿಳಾಸ, ತಾರೀಕು ಇಲ್ಲದ ಡಬ್ಬಿ ನಮಗೆ ಬೇಡ. "ಏಳೇ ದಿನದಲ್ಲಿ ಬೆಳ್ಳಗಾಗ್ತೀರ" ಎನ್ನುವ ಡಬ್ಬಿಯೂ ಬೇಡ.

ದಿನದ ಆರೈಕೆ

ಇದಕ್ಕೆ ಹೆಚ್ಚು ಖರ್ಚಿಲ್ಲ.

ಬೆಳಿಗ್ಗೆ ಒಂದು ಸಲ, ಕೆಲಸದಿಂದ ಬಂದ ಮೇಲೆ ಒಂದು ಸಲ ತಣ್ಣೀರಿನಲ್ಲಿ ಮುಖ ತೊಳೆಯೋಣ. ಬಟ್ಟೆ ಸೋಪು, ಪಾತ್ರೆ ಸೋಪು ಮುಖಕ್ಕೆ ಬೇಡ.

ಚಳಿಗಾಲದಲ್ಲಿ ಕೈಕಾಲು ಒಡೆಯುತ್ತದೆ. ಸ್ನಾನವಾದ ಕೂಡಲೇ, ಮೈ ಹಸಿ ಇರುವಾಗಲೇ, ಕೊಬ್ಬರಿ ಎಣ್ಣೆ ಹಚ್ಚೋಣ. ಮೊಡವೆ ಇದ್ದವರು ಮುಖಕ್ಕೆ ಎಣ್ಣೆ ಬಿಡಿ. ಮೊಡವೆ ಹಿಸುಕಬೇಡಿ, ಕಲೆ ಉಳಿಯುತ್ತದೆ.

ಹೊಲಕ್ಕೆ ಹೋಗುವಾಗ ತಲೆಗೆ ಬಟ್ಟೆ ಕಟ್ಟೋಣ. ಹಳೆಯ ತುಂಬು ತೋಳಿನ ಅಂಗಿ ಹಾಕೋಣ. ನೀರಿನ ಬಾಟಲಿ ಮರೆಯುವುದು ಬೇಡ.

ಹಸಿ ಅಡಿಕೆ ಸುಲಿಯುವ ಮೊದಲು ಕೈಗೆ ಎಣ್ಣೆ ಸವರೋಣ. ಕಲೆ ಆಯಿತೆಂದು ಸೀಮೆಎಣ್ಣೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಡಿ. ಕಲೆ ತಾನೇ ಹೋಗುತ್ತದೆ. ಸುಟ್ಟ ಚರ್ಮ ಬೇಗ ವಾಸಿಯಾಗುವುದಿಲ್ಲ.

ಕಾಂಗ್ರೆಸ್ ಗಿಡ ಕೀಳುವಾಗ ಕೈಗೆ ಚೀಲವೋ ಬಟ್ಟೆಯೋ ಕಟ್ಟಿಕೊಳ್ಳಿ. ಕೆಲವರಿಗೆ ಅದರಿಂದ ಮುಖ, ಕತ್ತು, ಕೈಯಲ್ಲಿ ತುರಿಕೆ ಏಳುತ್ತದೆ.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಆ ಹಣ್ಣು ಪಾನಕಕ್ಕಿರಲಿ.

ಕಾಡಿಗೆ, ಕುಂಕುಮ, ಬಿಂದಿ

ಅಲಂಕಾರ ಮಾಡಿಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಅಂತರಘಟ್ಟೆ ಜಾತ್ರೆಗೆ ಹೊರಟಾಗ ಹೂ ಮುಡಿಯೋಣ, ಬಳೆ ತೊಡೋಣ, ಪೌಡರ್ ಹಾಕೋಣ. ನಮ್ಮ ಖುಷಿ ಅದು. ಮಲಗುವ ಮೊದಲು ಮಾತ್ರ ಎಲ್ಲವನ್ನೂ ತೊಳೆಯೋಣ.

ಸ್ಟಿಕ್ಕರ್ ಬಿಂದಿಯ ಗೋಂದು ಕೆಲವರಿಗೆ ಆಗುವುದಿಲ್ಲ. ಹಣೆ ತುರಿಸುತ್ತದೆ, ಬಿಳಿ ಮಚ್ಚೆ ಬೀಳುತ್ತದೆ. ಹಾಗಾದರೆ ಬಿಂದಿ ಬಿಡಿ. ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ. ಎಳೆ ಮಗುವಿನ ಕಣ್ಣಿಗೆ ಯಾವ ಕಾಡಿಗೆಯೂ ಬೇಡ.

ಹೊಸ ವಸ್ತು ಏನೇ ತಂದರೂ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ. ಎರಡು ದಿನ ಕಾಯಿರಿ. ತುರಿಕೆ, ಉರಿ ಇಲ್ಲದಿದ್ದರೆ ಬಳಸಿ. ತಲೆಗೆ ಹಚ್ಚುವ ಕಪ್ಪು ಬಣ್ಣಕ್ಕೆ ಇದು ಬಹಳ ಮುಖ್ಯ.

ಆಸ್ಪತ್ರೆಗೆ ಯಾವಾಗ ಹೋಗಬೇಕು?

ಮುಖ ಬಿಳಿಚಿಕೊಂಡಿದ್ದರೆ ಅದು ಚೆಲುವಲ್ಲ. ರಕ್ತ ಕಡಿಮೆ ಇರಬಹುದು. ಸುಸ್ತು, ಏದುಸಿರು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಸೊಪ್ಪು, ಕಾಳು, ರಾಗಿ ತಿನ್ನೋಣ. ಕಬ್ಬಿಣದ ಮಾತ್ರೆ ಬೇಕೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮೈಮೇಲೆ ಮಾಸಲು ಮಚ್ಚೆ ಇದ್ದು, ಮುಟ್ಟಿದರೆ ಅಲ್ಲಿ ತಿಳಿಯದಿದ್ದರೆ ಕೂಡಲೇ ತೋರಿಸಿ. ಅದು ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ. ಪೂರ್ತಿ ವಾಸಿಯಾಗುತ್ತದೆ.

ತೊನ್ನು ಅಂಟು ರೋಗವಲ್ಲ. ತೊನ್ನು ಇದ್ದವರ ಜೊತೆ ಕೂತು ಉಣ್ಣಬಹುದು.

ಹೆಣ್ಣು ನೋಡುವ ದಿನ

ನಮ್ಮ ಮನೆಗಳಲ್ಲಿ ಈ ಮಾತು ಕೇಳಿರುತ್ತೇವೆ.

"ಹುಡುಗಿ ಬಣ್ಣ ಸ್ವಲ್ಪ ಕಮ್ಮಿ ಕಣ್ರೀ. ಇನ್ನೊಂದು ಲಕ್ಷ ಹಾಕ್ಕೊಡಿ, ಮಾಡ್ಕೊಂತೀವಿ."

ಒಳಗೆ ಕಾಫಿ ಲೋಟ ಹಿಡಿದು ನಿಂತ ಹುಡುಗಿಗೆ ಇದು ಕೇಳುತ್ತದೆ. ಅವಳು ಪಿ.ಯು.ಸಿ. ಓದಿದ್ದಾಳೆ. ಹೊಲಿಗೆ ಕಲಿತಿದ್ದಾಳೆ. ಅಪ್ಪನ ಲೆಕ್ಕ ಬರೆಯುವವಳು ಅವಳೇ. ಇದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಮಾರನೆಯ ದಿನ ಅವಳು ಗುಟ್ಟಾಗಿ ಹೆಸರಿಲ್ಲದ ಡಬ್ಬಿ ತರುತ್ತಾಳೆ. ಡಬ್ಬಿ ಮಾರುವವನಿಗೆ ದಾರಿ ಮಾಡಿಕೊಟ್ಟದ್ದು ಆ ಒಂದು ಮಾತು.

ಬಣ್ಣದ ಹೆಸರಿನಲ್ಲಿ ಕೇಳುವ ದುಡ್ಡೂ ವರದಕ್ಷಿಣೆಯೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಅಪರಾಧ. ನೆರವು ಬೇಕಾದರೆ 181ಕ್ಕೆ ಫೋನ್ ಮಾಡಬಹುದು. ಅದು ಮಹಿಳೆಯರ ಸಹಾಯವಾಣಿ.

ಆ ಅಮ್ಮ ಏನು ಹೇಳಬಹುದಿತ್ತು?

"ನಮ್ಮ ಮಗಳು ಹಿಂಗೇ ಇದಾಳೆ ಕಣಮ್ಮ. ಹಿಂಗೇ ಒಪ್ಪೋ ಮನೆ ಸಿಕ್ಕಿದಾಗ ಕೊಡ್ತೀವಿ."

ಈ ಮಾತು ಮಗಳ ಕಿವಿಗೂ ಬೀಳಬೇಕು. ಅವಳು ತಲೆ ಎತ್ತಿ ನಿಲ್ಲಲು ಅದು ಬೇಕು.

ಅದಕ್ಕೆ ಮನೆಯಲ್ಲೇ ಶುರು ಮಾಡೋಣ. ಮಗುವನ್ನು "ಕರಿಯಾ", "ಕರಿ" ಎಂದು ಹಂಗಿಸಬಾರದು. ಬಾಣಂತಿಯನ್ನು ನೋಡಲು ಹೋದಾಗ "ಬಣ್ಣ ಯಾರದ್ದು?" ಎಂದು ಕೇಳಬಾರದು. "ಮಗು ಚೆನ್ನಾಗಿ ಹಾಲು ಕುಡೀತಾ?" ಎಂದು ಕೇಳೋಣ.

ಮಾತಾಡೋಣ

1. ಮೆಲನಿನ್ ನಮಗೆ ಏನು ಉಪಕಾರ ಮಾಡುತ್ತದೆ?
2. ಕೊಟ್ಟಕ್ಕಲ್ಲಿನ ರೋಗಿಗಳಿಗೆ ಏನಾಯಿತು? ಯಾಕೆ?
3. ನಿಮ್ಮ ಮನೆಯಲ್ಲಿ ಬಣ್ಣದ ಬಗ್ಗೆ ಯಾರು ಏನು ಅನ್ನುತ್ತಾರೆ? ನೀವು ಏನು ಉತ್ತರ ಕೊಡುತ್ತೀರಿ?

ಬರೆಯೋಣ

ಚರ್ಮ, ಪಾದರಸ, ಕನ್ನಡಿ, ವಿಳಾಸ, ತಾರೀಕು, ಧೈರ್ಯ.

ಮಾಡೋಣ

ಮನೆಯಲ್ಲಿರುವ ಒಂದು ಕ್ರೀಮು ಅಥವಾ ಪೌಡರ್ ಡಬ್ಬಿಯನ್ನು ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ತಾರೀಕು, ಬೆಲೆ, ವಿಳಾಸ ಓದೋಣ. ತಾರೀಕು ಮುಗಿದಿದ್ದರೆ ಅಲ್ಲೇ ಕಸದ ಬುಟ್ಟಿಗೆ ಹಾಕೋಣ.