ಮನೆಯ ಹಿರಿಯರಿಗೆ ಮಸಾಜ್: ಫಲ ಕೊಡುವ ಒಂಬತ್ತು ಸೂತ್ರಗಳು

ಯುಗಾದಿ, ದೀಪಾವಳಿಯ ಎಣ್ಣೆಸ್ನಾನ ಕಂಡು ಬೆಳೆದ ನಮಗೆ ಮೈಗೆ ಎಣ್ಣೆ ತಿಕ್ಕುವುದು ಹೊಸದಲ್ಲ. ಆದರೆ ಎಪ್ಪತ್ತು ದಾಟಿ, ಹೊತ್ತು ಹೊತ್ತಿಗೆ ಮಾತ್ರೆ ನುಂಗುವ ಮೈಗೆ ನೋವು ಕಳೆಯಲೆಂದು ಮಾಡುವ ಮಸಾಜ್ ಬೇರೆಯೇ ಕೆಲಸ. ಅಭ್ಯಂಗ ನಿತ್ಯವೂ ಆಗಲಿ, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಆಗಲಿ ಎನ್ನುವ ವಾಗ್ಭಟನ ಅಷ್ಟಾಂಗಹೃದಯವೇ ಅಜೀರ್ಣವಿದ್ದಾಗ ಬೇಡವೆಂದೂ ಹೇಳುತ್ತದೆ. ಯಾರಿಗೆ, ಯಾವಾಗ ಮಾಡಬಾರದು ಎಂದು ತಿಳಿದವರ ಕೈಯಲ್ಲೇ ಮಸಾಜ್ ಫಲಿಸುತ್ತದೆ. ಮನೆಗೆ ಬರುವ ಥೆರಪಿಸ್ಟ್‌ಗೂ ಅವರನ್ನು ಕರೆಸುವ ಮಕ್ಕಳು, ಸೊಸೆಯಂದಿರಿಗೂ ಈ ಸೂತ್ರಗಳು.

1. ಗುರಿ ಒಂದು ಕೆಲಸವಾಗಿರಲಿ

‘ಮೈಕೈ ನೋವು ಹೋಗಬೇಕು’ ಎಂದರೆ ಸಾಲದು. ಕುರ್ಚಿಯಿಂದ ಕೈಯೂರದೆ ಏಳಬೇಕು, ತಲೆ ಬಾಚಿಕೊಳ್ಳಲು ಕೈ ಮೇಲೆತ್ತಬೇಕು, ರಸ್ತೆ ದಾಟುವಾಗ ಕತ್ತು ತಿರುಗಿಸಿ ನೋಡಬೇಕು. ಹೀಗೆ ಒಂದನ್ನು ಆರಿಸಿ, ಈಗ ಎಷ್ಟಾಗುತ್ತದೆ ಎಂಬುದನ್ನು ಕ್ಯಾಲೆಂಡರ್ ಮೇಲೇ ಬರೆದಿಡಿ.

2. ಎಣ್ಣೆ ಬಟ್ಟಲಿಗೆ ಮುಂಚೆ ಮಾತ್ರೆ ಡಬ್ಬಿ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಸ್ವಲ್ಪ ಒತ್ತಿದರೂ ಚರ್ಮದಡಿ ರಕ್ತ ಸೋರಿ ನೀಲಿಯಾಗಬಹುದು. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಚರ್ಮವೂ ತೆಳು, ಮೂಳೆಯೂ ದುರ್ಬಲ. ಮೂಳೆ ಸವಕಲಾದ ಅಜ್ಜಿಯ ಬೆನ್ನಿನ ಮೇಲೆ ಮೈಭಾರ ಹಾಕಿ ಒತ್ತಿದರೆ ಬೆನ್ನುಮೂಳೆಯೇ ಕುಸಿಯುವ ಅಪಾಯವಿದೆ. ಬೆನ್ನುಮೂಳೆಯ ಮೇಲೆ ನೇರವಾಗಿ ಒತ್ತಲೇಬೇಡಿ, ಅದರ ಎರಡೂ ಪಕ್ಕದ ಸ್ನಾಯುಗಳ ಮೇಲೆ ಹಗುರಾಗಿ ಕೈಯಾಡಿಸಿ. ಮಾತ್ರೆಗಳ ಹೆಸರು ಕೇಳದೆ ತೋಳು ಮಡಿಸಿ ಕೆಲಸಕ್ಕೆ ನಿಲ್ಲುವವರನ್ನು ಮತ್ತೆ ಕರೆಸಬೇಡಿ.

3. ಮೀನಖಂಡ ನೋಡದೆ ಕಾಲು ತಿಕ್ಕಬೇಡಿ

ಈ ಒಂಬತ್ತರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಎರಡೂ ಕಾಲುಗಳನ್ನು ಪಕ್ಕಪಕ್ಕ ಇಟ್ಟು ಬೆಳಕಿನಲ್ಲಿ ನೋಡಿ. ಒಂದೇ ಕಾಲು ಊದಿದೆಯೇ? ಮುಟ್ಟಿದರೆ ಬಿಸಿಯಾಗಿದೆಯೇ? ಕೆಂಪಾಗಿದೆಯೇ, ಮೀನಖಂಡ ಹಿಡಿದರೆ ನೋಯುತ್ತದೆಯೇ? ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಎರವಾಗಬಹುದು. ಆಪರೇಷನ್ ಆಗಿ ಹಾಸಿಗೆ ಹಿಡಿದವರು, ದೂರದ ಪ್ರಯಾಣ ಮುಗಿಸಿ ಬಂದವರು, ಕ್ಯಾನ್ಸರ್ ಇರುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಸಂಶಯ ಬಂದರೆ ಎಣ್ಣೆ ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಜೊತೆಗೆ ಉಸಿರು ಸಿಕ್ಕಿಕೊಳ್ಳುತ್ತಿದ್ದರೆ, ಎದೆ ನೋಯುತ್ತಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ. ಎರಡೂ ಪಾದ ಊದಿದ್ದರೆ ಹೃದಯ, ಮೂತ್ರಪಿಂಡದ ತೊಂದರೆ ಇದ್ದೀತು. ಅದಕ್ಕೂ ಮೊದಲು ಬೇಕಾದದ್ದು ತಪಾಸಣೆ.

4. ನೆಟಿಗೆ ತೆಗೆಯಬೇಡಿ

ಕತ್ತನ್ನು ಗಕ್ಕನೆ ತಿರುಗಿಸಿ ‘ಟಕ್’ ಎನ್ನಿಸುವುದು ವಯಸ್ಸಾದವರಿಗೆ ಬೇಡವೇ ಬೇಡ. ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗುವುದುಂಟು. ಕತ್ತಿನ ಮುಂಭಾಗವನ್ನೂ ಒತ್ತಬೇಡಿ. ಬಿದ್ದು ಏಟಾದ ಸೊಂಟ, ಮಣಿಕಟ್ಟನ್ನು ಉಳುಕೆಂದು ನೀವಿಸುವ ಮೊದಲು ಎಕ್ಸ್‌ರೇ ತೆಗೆಸಿ.

5. ಎಣ್ಣೆಯ ಗುಣಕ್ಕಿಂತ ಅದರ ಬಿಸಿ, ಅದರ ಜಾರು ಮುಖ್ಯ

ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಮಹಾನಾರಾಯಣ ತೈಲವೋ ಎಂಬ ಚರ್ಚೆಯಲ್ಲೇ ಮನೆಮಂದಿ ಹೊತ್ತು ಕಳೆಯುತ್ತಾರೆ. ಮೈಗೆ ಒಗ್ಗಿದ್ದು ಸಾಕು. ಹೊಸದಾದರೆ ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಒಂದು ಬೊಟ್ಟು ಹಚ್ಚಿ ನೋಡಿ. ಎಣ್ಣೆಯನ್ನು ನೇರ ಒಲೆಗಿಡದೆ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ ಬೆಚ್ಚಗೆ ಮಾಡಿ. ಬಿಸಿ ಹದವಾಗಿದೆಯೇ ಎಂದು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಹೀಗಾಗಿ ಅವರನ್ನು ಕೇಳಿ ಬಿಸಿ ನಿರ್ಧರಿಸಬೇಡಿ. ಅವರ ಪಾದದಲ್ಲಿ ಗಾಯ, ಬಿರುಕು ಇದೆಯೇ ನೋಡಿ. ಬೆರಳ ಸಂದಿಯಲ್ಲಿ ಎಣ್ಣೆ ಉಳಿಸಬೇಡಿ.

ಇನ್ನು ಜಾರು. ಎಣ್ಣೆಗಾಲಿನಲ್ಲಿ ಬಚ್ಚಲಿಗೆ ಹೋಗಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡರೆ ಆಪರೇಷನ್ನೇ ಗತಿ. ಪಾದದ ಕೆಲಸ ಕೊನೆಗಿರಲಿ. ಕೆಳಗಿಳಿಯುವ ಮುಂಚೆ ಅಂಗಾಲನ್ನು ಕಡಲೆಹಿಟ್ಟು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಜಾರದ ಚಪ್ಪಲಿ ಹಾಕಿಸಿ. ಬಚ್ಚಲಲ್ಲಿ ಕೂರಲು ಕುರ್ಚಿ, ಗೋಡೆಗೆ ಹಿಡಿ ಇರಬೇಕು.

6. ಹೆಬ್ಬೆರಳು ಬೇಡ, ಅಂಗೈ ಸಾಕು

ಮಂಡಿನೋವನ್ನೇ ತೆಗೆದುಕೊಳ್ಳಿ. ಹಿರಿಯರನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ನೆಲದ ಮೇಲೆ ಕೂರಿಸಬೇಡಿ, ಏಳುವುದೇ ಕಷ್ಟವಾದೀತು. ಮೊದಲು ತೊಡೆಯ ಮುಂಭಾಗವನ್ನು ಮಂಡಿಯಿಂದ ಮೇಲಕ್ಕೆ ಇಡೀ ಅಂಗೈಯಿಂದ ನೀವಿ, ಯಾಕೆಂದರೆ ಬಿಗಿ ಹಿಡಿದಿರುವುದು ಹೆಚ್ಚಾಗಿ ಅಲ್ಲೇ. ಆಮೇಲೆ ಚಿಪ್ಪಿನ ಸುತ್ತ ಬೆರಳ ತುದಿಯಿಂದ ಸಣ್ಣ ಸುತ್ತು. ಚಿಪ್ಪಿನ ಮೇಲೆ ಒತ್ತಡ ಬೇಡ. ಎಣ್ಣೆ ಇಂಗಿದಂತಾದರೆ ಮತ್ತಷ್ಟು ಹಚ್ಚಿ. ಒಣ ಕೈ ಎಳೆದರೆ ಹಿರಿಯರ ಚರ್ಮ ಹಾಳೆಯಂತೆ ಹರಿಯುತ್ತದೆ. ಮಾಡುವವರ ಉಗುರು ಕತ್ತರಿಸಿರಲಿ. ಉಂಗುರ, ಗಡಿಯಾರ ತೆಗೆದಿಟ್ಟಿರಲಿ.

7. ಮಗಳನ್ನಲ್ಲ, ಅಮ್ಮನನ್ನೇ ಕೇಳಿ

‘ಅಮ್ಮ, ಈಗ ಭುಜಕ್ಕೆ ಹಚ್ಚಲಾ? ಇಷ್ಟು ಒತ್ತಿದರೆ ಸರೀನಾ?’ ಎಂದು ಎದುರು ಕೂತು, ಕಿವಿಗೆ ಬೀಳುವಂತೆ ಕೇಳಿ. ಅಜ್ಜಿಯರು ಮುಜುಗರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಂಗಸರಿಗೆ ಹೆಂಗಸರೇ ಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಕೈಯಾಡುವ ಭಾಗ ಬಿಟ್ಟು ಉಳಿದದ್ದಕ್ಕೆಲ್ಲ ಹೊದಿಕೆ ಇರಲಿ. ಮರೆವಿನ ಕಾಯಿಲೆ ಇರುವವರು ಮಾತಾಡದಿದ್ದರೂ ಮುಖ ಕಿವುಚುತ್ತಾರೆ, ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಅದನ್ನೇ ‘ಬೇಡ’ ಎಂದು ತಿಳಿದು ನಿಲ್ಲಿಸಿ.

8. ಸ್ನಾಯು ಸಡಿಲವಾಗಿದ್ದಾಗಲೇ ವ್ಯಾಯಾಮ

ಬರೀ ಮಸಾಜಿನ ಹಾಯಿ ಬೇಗ ಕರಗಿಹೋಗುತ್ತದೆ. ಕೂಡಲೇ ಕಾಲು ಚಾಚಿ, ಮಂಡಿಯನ್ನು ಟವೆಲ್‌ಗೆ ಒತ್ತಿ, ತೊಡೆ ಬಿಗಿ ಮಾಡಿ ಐದು ಎಣಿಸಿ ಬಿಡಲಿ. ಹತ್ತು ಸಲ ಸಾಕು. ಏಳುವ ಮುಂಚೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಗಕ್ಕನೆ ಎದ್ದರೆ ತಲೆ ಸುತ್ತುತ್ತದೆ.

ದಿನವೂ ಥೆರಪಿಸ್ಟ್ ಬರಬೇಕೆಂದೂ ಇಲ್ಲ. ಮಂಡಿ ಸವೆತವಿರುವ 125 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ 60 ನಿಮಿಷದ ಮಸಾಜ್ ವಾರಕ್ಕೆರಡು ಸಲ ಮಾಡಿದಷ್ಟೇ ಫಲ ಕೊಟ್ಟಿತು. ತೀರಾ ನಿತ್ರಾಣರಾದವರಿಗೆ ಇಪ್ಪತ್ತು ನಿಮಿಷದಿಂದ ಶುರು ಮಾಡಿ.

9. ಮುಂಗಡ ಪ್ಯಾಕೇಜ್ ಬೇಡ

ಫಿಸಿಯೋಥೆರಪಿಸ್ಟ್ ಆದರೆ ಬಿಪಿಟಿ ಪದವಿ ಇದೆಯೇ, ಆಯುರ್ವೇದದ ಚಿಕಿತ್ಸೆಯಾದರೆ ಬಿಎಎಂಎಸ್ ವೈದ್ಯರು ನೋಡಿ ಹೇಳಿದ್ದಾರೆಯೇ ಕೇಳಿ. ಗುರುತಿನ ಚೀಟಿ ನೋಡಿ. ಹಿರಿಯರು ಒಬ್ಬರೇ ಇರುವ ಮನೆಯಾದರೆ ಮೊದಲ ದಿನಗಳಲ್ಲಿ ನೆಂಟರೋ ಪಕ್ಕದ ಮನೆಯವರೋ ಜೊತೆಗಿರಲಿ. ಹಿರಿಯರ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ.

ಪಾರ್ಶ್ವವಾಯು ಬಡಿದ ಕೈಯನ್ನು ಮಸಾಜಿನಿಂದಲೇ ಸರಿಮಾಡುತ್ತೇನೆ ಎನ್ನುವವರನ್ನು ನಂಬಬೇಡಿ. ಶಕ್ತಿಯಿಲ್ಲದ ಆ ಭುಜವನ್ನು ಎಳೆದರೆ ಕೀಲು ಜಾರುತ್ತದೆ. ಇಡೀ ತಿಂಗಳ ದುಡ್ಡು ಮುಂಗಡ ಕೇಳಿದರೆ ಆಗುವುದಿಲ್ಲ ಎನ್ನಿ. ಆರೇಳು ಸಲ ಆದಮೇಲೆ ಕ್ಯಾಲೆಂಡರ್ ತೆಗೆದು ನೋಡಿ. ಕುರ್ಚಿಯಿಂದ ಏಳುವುದು ಕೊಂಚವೂ ಸುಲಭವಾಗಿಲ್ಲವೆಂದರೆ ಮಸಾಜ್ ನಿಲ್ಲಿಸಿ, ಹಿರಿಯರನ್ನು ಮೂಳೆ ವೈದ್ಯರಿಗೆ ತೋರಿಸಿ.