ಒಂದು ವಾರದ ಕ್ಯಾಟಮರಾನ್: ಬಾಡಿಗೆ ವ್ಯವಹಾರದ ಒಂದು ಪಾಠ



ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ವ್ಯವಹಾರ ಸೇವೆಗಳು’ ಎಂಬ ಪಾಠವಿದೆ. ಸೇವೆಯ ಐದು ಲಕ್ಷಣಗಳನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಬ್ಯಾಂಕು, ಆಸ್ಪತ್ರೆ ಬಿಟ್ಟು ಬೇರೆ ಉದಾಹರಣೆ ಹುಡುಕಿಕೊಂಡು ಬನ್ನಿ ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ನಾನು ಆರಿಸಿಕೊಂಡದ್ದು ಹಾಯಿದೋಣಿ ಬಾಡಿಗೆ. ತರಗತಿಯಲ್ಲಿ ಎಲ್ಲರೂ ನಕ್ಕರು. ನಾನೇಕೆ ಅದನ್ನು ಆರಿಸಿಕೊಂಡೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಸ್ಥಳ ಮತ್ತು ದೋಣಿ

ಈ ವ್ಯಾಪಾರಕ್ಕೆ ಹೆಸರಾದ ಸ್ಥಳ ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳು. ಟೋರ್ಟೋಲಾ, ವರ್ಜಿನ್ ಗೋರ್ಡಾ, ಯೋಸ್ಟ್ ವ್ಯಾನ್ ಡೈಕ್, ಅನೆಗಾಡಾ ಇಲ್ಲಿನ ದೊಡ್ಡ ದ್ವೀಪಗಳು. ಬ್ರಿಟನ್ನಿಗೆ ಸೇರಿದ್ದರೂ ಇಲ್ಲಿ ನಡೆಯುವುದು ಅಮೆರಿಕದ ಡಾಲರ್. ಹೆಚ್ಚಿನ ದ್ವೀಪಗಳು ಒಂದರಿಂದ ಇನ್ನೊಂದು ಕಾಣುವಷ್ಟು ಹತ್ತಿರ ಇವೆ. ಪೂರ್ವ ದಿಕ್ಕಿನಿಂದ ವಾಣಿಜ್ಯ ಮಾರುತಗಳು ಸ್ಥಿರವಾಗಿ ಬೀಸುತ್ತವೆ. 1969ರಲ್ಲಿ ಚಾರ್ಲಿ ಮತ್ತು ಜಿನ್ನಿ ಕ್ಯಾರಿ ದಂಪತಿ ಟೋರ್ಟೋಲಾದಲ್ಲಿ ಆರು ದೋಣಿಗಳೊಂದಿಗೆ ‘ದಿ ಮೂರಿಂಗ್ಸ್’ ಎಂಬ ಬಾಡಿಗೆ ಕಂಪನಿ ಆರಂಭಿಸಿದರು.

ಕುಟುಂಬಗಳು ಹೆಚ್ಚಾಗಿ ಕೇಳುವುದು ಕ್ಯಾಟಮರಾನ್. ಈ ಪದ ತಮಿಳಿನ ‘ಕಟ್ಟುಮರಂ’ನಿಂದ ಇಂಗ್ಲಿಷಿಗೆ ಹೋದದ್ದು. ಮರದ ದಿಮ್ಮಿಗಳನ್ನು ಕಟ್ಟಿ ಮಾಡಿದ ತೆಪ್ಪ ಎಂದು ಅರ್ಥ. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಆ ಹೆಸರು ಎರಡು ಒಡಲುಗಳನ್ನು ಜೋಡಿಸಿದ ದೋಣಿಗೆ ಬಂದಿದೆ. ಅದು ಗಾಳಿಗೆ ಹೆಚ್ಚು ವಾಲುವುದಿಲ್ಲ. ಅಜ್ಜಿಯ ಚಹಾ ಚೆಲ್ಲುವುದಿಲ್ಲ, ಮಕ್ಕಳು ಓಡಾಡಬಹುದು.

ಐದು ಲಕ್ಷಣಗಳು

ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಅಜ್ಜ, ಅಜ್ಜಿ ಇರುವ ಒಂದು ಕುಟುಂಬ ಏಳು ದಿನಕ್ಕೆ ದೋಣಿ ಹಿಡಿಯಿತು ಎಂದುಕೊಳ್ಳಿ.

ಒಂದು, ಅಮೂರ್ತತೆ. ದೋಣಿಯನ್ನು ಮುಟ್ಟಬಹುದು, ಆದರೆ ಅವರು ಕೊಂಡದ್ದು ದೋಣಿಯನ್ನಲ್ಲ, ಅದರಲ್ಲಿ ಕಳೆಯುವ ಏಳು ದಿನಗಳನ್ನು.

ಎರಡು, ಏಕರೂಪತೆ ಇಲ್ಲದಿರುವುದು. ಹಣ ಅಷ್ಟೇ, ದೋಣಿಯೂ ಅದೇ. ಆದರೂ ಈ ವಾರದ ಗಾಳಿ ಮುಂದಿನ ವಾರ ಇರುವುದಿಲ್ಲ.

ಮೂರು, ಬೇರ್ಪಡಿಸಲಾಗದಿರುವುದು. ಸೇವೆ ಹುಟ್ಟುವುದೂ ಮುಗಿಯುವುದೂ ಒಟ್ಟಿಗೇ. ರಜೆಯನ್ನು ಮೊದಲೇ ತಯಾರಿಸಿ ಅಂಗಡಿಯಲ್ಲಿ ಇಡಲಾಗದು.

ನಾಲ್ಕು, ದಾಸ್ತಾನು ಮಾಡಲಾಗದಿರುವುದು. ಇದೇ ಈ ವ್ಯಾಪಾರದ ಜೀವ. ಬಾಡಿಗೆಗೆ ಹೋಗದ ವಾರವನ್ನು ಮುಂದಿನ ತಿಂಗಳು ಮಾರಲಾಗುವುದಿಲ್ಲ. ಆದರೆ ವಿಮೆ, ನಿಲುಗಡೆ ಶುಲ್ಕ, ಸವಕಳಿ ನಿಲ್ಲುವುದಿಲ್ಲ. ಅವು ಸ್ಥಿರ ವೆಚ್ಚಗಳು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬೇಡಿಕೆ ಹೆಚ್ಚು, ದರವೂ ಹೆಚ್ಚು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗ ದರ ಇಳಿಯುತ್ತದೆ.

ಐದು, ಗ್ರಾಹಕರ ಭಾಗವಹಿಸುವಿಕೆ. ‘ಬೇರ್‌ಬೋಟ್’ ಕರಾರಿನಲ್ಲಿ ಕಂಪನಿ ನಾವಿಕನನ್ನು ಕೊಡುವುದಿಲ್ಲ, ಗ್ರಾಹಕನೇ ದೋಣಿ ನಡೆಸಬೇಕು. ಬಾರದಿದ್ದರೆ ಹೆಚ್ಚುವರಿ ಹಣ ಕೊಟ್ಟು ನಾವಿಕನನ್ನು ಪಡೆಯಬಹುದು.

ನಷ್ಟ ಯಾರದು?

ನನಗೆ ಹೆಚ್ಚು ಮುಖ್ಯವೆನಿಸಿದ್ದು ಈ ಭಾಗ. ಲಕ್ಷಾಂತರ ಡಾಲರ್ ಬೆಲೆಯ ದೋಣಿಯನ್ನು ಅಪರಿಚಿತ ಕುಟುಂಬಕ್ಕೆ ಯಾವ ಧೈರ್ಯದಿಂದ ಕೊಡುತ್ತಾರೆ?

ಮೊದಲು ಗ್ರಾಹಕನ ಹಾಯಿ ಅನುಭವದ ವಿವರವನ್ನು ಬರಹದಲ್ಲಿ ಕೇಳುತ್ತಾರೆ. ವಿಮೆಯ ಪರಮ ವಿಶ್ವಾಸ ತತ್ವವನ್ನು ನೆನಪಿಸಿಕೊಳ್ಳಿ. ಇಲ್ಲಿ ಸುಳ್ಳು ಹೇಳಿದರೆ ಮುಂದೆ ತೊಂದರೆ. ನಂತರ ಭದ್ರತಾ ಠೇವಣಿ. ಹಾನಿಯಾದರೆ ಕುಟುಂಬದ ಹೊಣೆ ಸಾಮಾನ್ಯವಾಗಿ ಠೇವಣಿಯ ಮಿತಿಯವರೆಗೆ, ಅದಕ್ಕಿಂತ ದೊಡ್ಡ ನಷ್ಟಕ್ಕೆ ದೋಣಿಯ ವಿಮೆ. ರಾತ್ರಿ ಹಾಯಿ ಹಾಕಬಾರದು, ಹವಳದ ಬಂಡೆಗಳಿರುವ ಕಡೆ ಅನುಮತಿ ಇಲ್ಲದೆ ಹೋಗಬಾರದು ಎಂಬಂಥ ಷರತ್ತುಗಳಿರುತ್ತವೆ. ಅವನ್ನು ಮುರಿದವನಿಗೆ ಈ ರಕ್ಷಣೆ ತಪ್ಪಿಹೋಗಬಹುದು.

ಹೊರಡುವ ಮೊದಲು ಕಂಪನಿಯವರೂ ಗ್ರಾಹಕನೂ ಒಟ್ಟಿಗೆ ದೋಣಿ ಸುತ್ತುತ್ತಾರೆ. ಲಂಗರು, ಲೈಫ್ ಜಾಕೆಟ್, ತಟ್ಟೆ, ಲೋಟ, ಹಾಯಿ ಎಲ್ಲವನ್ನೂ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಹಳೆಯ ಗೀರು ಇದ್ದರೆ ಅದನ್ನೂ ಬರೆಯುತ್ತಾರೆ. ಗ್ರಾಹಕ ಸಹಿ ಹಾಕುತ್ತಾನೆ. ಮರಳಿ ಬಂದಾಗ ಮತ್ತೆ ಅದೇ ಪಟ್ಟಿ.

ಅಲ್ಲಿನ ಕಾನೂನು ಬೇರೆ. ತತ್ವ ತಿಳಿಯಲು ನಮ್ಮ 1872ರ ಭಾರತೀಯ ಕರಾರು ಕಾಯ್ದೆಯನ್ನು ನೋಡೋಣ. ಕೆಲಸ ಮುಗಿದ ಮೇಲೆ ಹಿಂದಿರುಗಿಸುವ ಕರಾರಿನ ಮೇಲೆ ವಸ್ತುವನ್ನು ಇನ್ನೊಬ್ಬರಿಗೆ ಒಪ್ಪಿಸುವುದನ್ನು ಕಲಂ 148 ‘ಬೇಲ್‌ಮೆಂಟ್’ ಎನ್ನುತ್ತದೆ. ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ಕಾಯುವಷ್ಟು ಎಚ್ಚರದಿಂದ ಕಾಯಬೇಕು (ಕಲಂ 151). ಹಾಗೆ ಕಾದೂ ನಷ್ಟವಾದರೆ, ಬೇರೆ ವಿಶೇಷ ಕರಾರು ಇಲ್ಲದಿದ್ದಲ್ಲಿ, ಅವನು ಹೊಣೆಯಲ್ಲ (ಕಲಂ 152). ಷರತ್ತು ಮೀರಿ ಬಳಸಿದರೆ ಹೊಣೆ (ಕಲಂ 154).

ಇಸ್ಲಾಮಿ ವ್ಯವಹಾರ ನಿಯಮದಲ್ಲಿ ಬಾಡಿಗೆಗೆ ‘ಇಜಾರಾ’ ಎನ್ನುತ್ತಾರೆ. ಬಾಡಿಗೆಗೆ ಪಡೆದ ವಸ್ತು ಪಡೆದವನ ಕೈಯಲ್ಲಿ ಅಮಾನತ್. ಮಿತಿ ಮೀರಿದರೆ ಅಥವಾ ಅಲಕ್ಷ್ಯ ಮಾಡಿದರೆ ಮಾತ್ರ ಅವನು ನಷ್ಟ ತುಂಬಬೇಕು. ಎರಡು ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದ್ದನ್ನು ಕಂಡು ನನಗೆ ಸಂತೋಷವಾಯಿತು.

ಯಾರ ತಪ್ಪೂ ಇಲ್ಲದ ನಷ್ಟವೂ ಇದೆ. 2017ರ ಸೆಪ್ಟೆಂಬರ್ 6ರಂದು ‘ಇರ್ಮಾ’ ಚಂಡಮಾರುತ ಈ ದ್ವೀಪಗಳಿಗೆ ಅಪ್ಪಳಿಸಿತು. ರಕ್ಷಣೆಗೆಂದು ನಿಲ್ಲಿಸಿದ್ದ ದೋಣಿಗಳೂ ಸೇರಿ ನೂರಾರು ದೋಣಿಗಳು ಹಾಳಾದವು. ಇಲ್ಲಿ ಅನೇಕ ದೋಣಿಗಳ ಒಡೆಯರು ಖಾಸಗಿ ವ್ಯಕ್ತಿಗಳು. ಅವರು ದೋಣಿ ಕೊಂಡು ಕಂಪನಿಗೆ ನಡೆಸಲು ಕೊಟ್ಟು ಆದಾಯ ಪಡೆಯುತ್ತಾರೆ. ಒಂದು ದಿನದ ಗಾಳಿ ಇವರೆಲ್ಲರ ಬಂಡವಾಳವನ್ನು ಮುಟ್ಟಿತು. ವಿಮೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನಾನೇಕೆ ಇದನ್ನು ಆರಿಸಿಕೊಂಡೆ

ನಮ್ಮ ಅಬ್ಬಾ ಶಾಮಿಯಾನ, ಕುರ್ಚಿ, ದೇಗ್‌ಗಳನ್ನು ಬಾಡಿಗೆಗೆ ಕೊಡುತ್ತಾರೆ. ರಂಜಾನ್ ತಿಂಗಳಲ್ಲಿ ಮದುವೆಗಳಿಲ್ಲ, ಗೋದಾಮಿನ ಬಾಡಿಗೆ ಮಾತ್ರ ತಪ್ಪದು. ದಾಸ್ತಾನು ಮಾಡಲಾಗದ ಸೇವೆ ಎಂದರೇನು ಎಂಬುದನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಕಳೆದ ವರ್ಷ ಒಂದು ವಲೀಮಾದಿಂದ ಮರಳಿದ ಹೊಸ ಜಮಖಾನದಲ್ಲಿ ಕೈಯಗಲ ಸುಟ್ಟ ತೂತಿತ್ತು. ತೆಗೆದುಕೊಂಡು ಹೋದವರು ಅಬ್ಬಾ ಅವರ ಹಳೆಯ ಸ್ನೇಹಿತರು. “ತೂತು ಮೊದಲೇ ಇತ್ತು” ಎಂದರು. ಇರಲಿಲ್ಲ ಎಂದು ತೋರಿಸಲು ನಮ್ಮ ಬಳಿ ಒಂದು ಚೀಟಿಯೂ ಇರಲಿಲ್ಲ. ಅಬ್ಬಾ ಠೇವಣಿ ಪೂರ್ತಿ ಹಿಂದಿರುಗಿಸಿದರು. ಆದರೂ ಅವರು ಮತ್ತೆ ಅಂಗಡಿಗೆ ಬರಲಿಲ್ಲ. ಜಮಖಾನವೂ ಹೋಯಿತು, ಸ್ನೇಹವೂ ಹೋಯಿತು. ಅವರು ಸುಳ್ಳು ಹೇಳಿದರೋ, ನಾವೇ ಕೊಡುವಾಗ ನೋಡಲಿಲ್ಲವೋ, ಇವತ್ತಿಗೂ ಖಚಿತವಿಲ್ಲ.

ದೋಣಿಯ ಪಟ್ಟಿಯ ವಿಷಯ ಓದಿದ ದಿನ ನಾನು ಒಂದು ನಮೂನೆ ಬರೆದೆ: ವಸ್ತು, ಸಂಖ್ಯೆ, ಕೊಡುವಾಗಿನ ಸ್ಥಿತಿ, ಮರಳುವಾಗಿನ ಸ್ಥಿತಿ, ಎರಡು ಸಹಿ. “ಗುರುತಿನವರ ಹತ್ತಿರ ಸಹಿ ಕೇಳಿದರೆ ಏನಂದುಕೊಳ್ಳುತ್ತಾರೆ?” ಎಂದು ಅಬ್ಬಾ ಹಿಂಜರಿದರು. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಅಲ್‌ಬಕರಾ ಸೂರಾದ 282ನೇ ಆಯತ್ ಹೇಳುತ್ತದೆಯಲ್ಲ, ಅದು ಅಪರಿಚಿತರಿಗೆ ಮಾತ್ರವೇ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಮರುದಿನ ನೂರು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಬಂದರು.

ಸ್ನೇಹಿತರೇ, ಬರೆದಿಡುವುದು ಅನುಮಾನದ ಗುರುತಲ್ಲ. ಕೊಟ್ಟವನನ್ನೂ ಪಡೆದವನನ್ನೂ ಅದು ಒಟ್ಟಿಗೆ ಕಾಯುತ್ತದೆ.

ನಿಮಗಾಗಿ ಪ್ರಶ್ನೆಗಳು

1. ಬಾಡಿಗೆ ಸೈಕಲ್ ಅಂಗಡಿಗೆ ಸೇವೆಯ ಐದು ಲಕ್ಷಣಗಳನ್ನು ಅನ್ವಯಿಸಿ ಬರೆಯಿರಿ.
2. ರಾತ್ರಿ ಹಾಯಿ ಹಾಕಿದ ಕುಟುಂಬದ ದೋಣಿ ಬಂಡೆಗೆ ತಗುಲಿತು. ಕಲಂ 152 ಅನ್ವಯಿಸುತ್ತದೆಯೇ, 154 ಅನ್ವಯಿಸುತ್ತದೆಯೇ? ಕಾರಣ ಕೊಡಿ.