ಹಣದ ಯಂತ್ರದ ಮುಂದೆ ನಿಂತ ಪರೋಪಕಾರಿ

ಭಾರತದಲ್ಲಿ ಎ.ಟಿ.ಎಂ. ಯಂತ್ರವು ಮೊದಲು ಬಂದುದು 1987ರಲ್ಲಿ, ಮುಂಬಯಿಗೆ. ಇಂದು ಮುಂಬ್ರಾ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಪಿಂಚಣಿದಾರರು ತಿಂಗಳ ಮೊದಲ ವಾರ ಅದರ ಮುಂದೆ ನಿಲ್ಲುತ್ತಾರೆ. ಅಲ್ಲಿ ನಡೆಯುವ ವಂಚನೆಗಳಲ್ಲಿ ಅತಿ ಸರಳವಾದುದಕ್ಕೆ ಯಂತ್ರಜ್ಞಾನವೇ ಬೇಕಿಲ್ಲ. ಗುಂಡಿ ಯಾವುದೆಂದು ತಡವರಿಸುವ ವೃದ್ಧರ ನೆರವಿಗೆ ಸಭ್ಯ ವೇಷದವನೊಬ್ಬನು ಮುಂದಾಗುತ್ತಾನೆ. ಗುಪ್ತಸಂಖ್ಯೆಯನ್ನು ಒತ್ತುವಾಗ ಕಣ್ಣಿಟ್ಟು ನೋಡುತ್ತಾನೆ. ಕಾರ್ಡನ್ನು ಹಿಂದಿರುಗಿಸುವ ನೆವದಲ್ಲಿ ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೊಂದನ್ನು ಕೈಯಲ್ಲಿಡುತ್ತಾನೆ. ಅವರು ಮನೆ ಸೇರುವಷ್ಟರಲ್ಲಿ ಖಾತೆ ಬರಿದಾಗಿರುತ್ತದೆ.

ಆದುದರಿಂದ ಕಾರ್ಡನ್ನು ಪರರ ಕೈಗೆ ಕೊಡಲೇಕೂಡದು. ಅಂಕಿ ಒತ್ತುವ ಬೆರಳನ್ನು ಇನ್ನೊಂದು ಕೈಯಿಂದ ಮರೆಮಾಡತಕ್ಕದ್ದು. ಕಳ್ಳ ಕ್ಯಾಮೆರಾವಿದ್ದರೂ ಅದಕ್ಕೆ ಇದೇ ಮದ್ದು. ಗುಪ್ತಸಂಖ್ಯೆಯನ್ನು ಹಿಂದುಮುಂದಾಗಿ ಒತ್ತಿದರೆ ಪೊಲೀಸರು ಓಡಿಬರುವರೆಂಬುದು ಬರಿಯ ವದಂತಿ. 1221 ಎಂಬ ಸಂಖ್ಯೆಯವರ ಗತಿಯೇನು?

ಮೋಸಹೋದ ಹಿರಿಯರು ಮಕ್ಕಳು ಬೈದಾರೆಂದು ನಾಚಿ ಎರಡು ದಿನ ಸುಮ್ಮನಿರುವುದುಂಟು. ಇದು ಮೊದಲ ಮೋಸಕ್ಕಿಂತ ದುಬಾರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ವಿಧಿಸಿದಂತೆ, ಗ್ರಾಹಕನ ಅಜಾಗ್ರತೆಯಿಂದಾದ ನಷ್ಟವು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದೇ. ತಿಳಿಸಿದ ಮೇಲಿನದು ಬ್ಯಾಂಕಿನದು. ಮೊದಲು ಬ್ಯಾಂಕಿಗೆ ಫೋನು ಮಾಡಿ ಕಾರ್ಡನ್ನು ನಿಲ್ಲಿಸಿ, ದೂರು ದಾಖಲಾದ ಸಂಖ್ಯೆಯನ್ನು ಬರೆದುಕೊಂಡು, ಬಳಿಕ 1930ಕ್ಕೆ ಕರೆಮಾಡಬೇಕು. ಕೈಯಲ್ಲುಳಿದ ಅಪರಿಚಿತ ಕಾರ್ಡನ್ನು ಸಿಟ್ಟಿನಿಂದ ಎಸೆಯಬಾರದು. ಅದು ಬಹುಶಃ ಹಿಂದೆ ಮೋಸಹೋದ ಇನ್ನೊಬ್ಬರದು. ಪೊಲೀಸ್ ಠಾಣೆಗೆ ಕೊಂಡೊಯ್ಯಬೇಕಾದ ಸಾಕ್ಷ್ಯ.